ಪರೀಕ್ಷೆಯ ಓದು, ಬಾಳಿನ ಓದು

ಧರ್ಮವು ಅರಿಯತಕ್ಕ ವಿಷಯವೋ, ಆಚರಿಸತಕ್ಕ ವ್ರತವೋ ಎಂಬ ಸಂದೇಹವು ಹಳೆಯದು. ವಚನಸಾಹಿತ್ಯವು ವಿಶ್ವವಿದ್ಯಾಲಯಗಳಲ್ಲಿ ಪಠ್ಯವಾದ ಮೇಲೆ ಆ ಸಂದೇಹವು ನಮ್ಮ ಮನೆಗಳ ಪಡಸಾಲೆಗೂ ಬಂದಿದೆ.

ಕಳೆದ ಶ್ರಾವಣದಲ್ಲಿ ಸದ್ಭಕ್ತರೊಬ್ಬರು ಮಠಕ್ಕೆ ಬಂದು ತಮ್ಮ ದುಃಖವನ್ನು ತೋಡಿಕೊಂಡರು. ಅವರ ಮಗನು ಎಂ.ಎ. ತರಗತಿಯಲ್ಲಿ ವಚನಗಳನ್ನೇ ವಿಶೇಷವಾಗಿ ಅಭ್ಯಸಿಸುತ್ತಿದ್ದಾನೆ. ಆದರೆ ರಜೆಗೆ ಬಂದವನು ಇಷ್ಟಲಿಂಗಪೂಜೆಯನ್ನು ಬಿಟ್ಟಿದ್ದಾನೆ. ನನ್ನಲ್ಲಿಯೇ ಕಲಿತ ಹುಡುಗನಾದುದರಿಂದ ಅವನನ್ನು ಕರೆದು ಕೇಳಿದೆನು. "ಗುರುಗಳೆ, ಶೂನ್ಯಸಂಪಾದನೆಯು ಶರಣರ ಕಾಲದ್ದಲ್ಲ, ವಚನಗಳಲ್ಲಿ ಪ್ರಕ್ಷಿಪ್ತಗಳೂ ಇವೆ. ಯಾವುದನ್ನು ನಂಬಲಿ? ಪರೀಕ್ಷೆಗಂತೂ ನಂಬಿಕೆ ಬೇಕಾಗಿಲ್ಲ" ಎಂದನು. ತುಸು ತಡೆದು, "ಚಿಕ್ಕಂದಿನಲ್ಲಿ ಷಟ್‌ಸ್ಥಲಗಳ ಹೆಸರನ್ನು ನೀವು ಬಾಯಿಪಾಠ ಮಾಡಿಸಿದಿರಿ, ಅರ್ಥವನ್ನು ಕೇಳಿದಾಗ ಸುಮ್ಮನಿರೆಂದಿರಿ" ಎಂದನು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಅವನು ಓದಿದುದು ಸುಳ್ಳಲ್ಲ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ ಎಂಬ ನಾಲ್ವರು ಶೂನ್ಯಸಂಪಾದನೆಗಳನ್ನು ಸಂಕಲಿಸಿದುದು 15, 16ನೆಯ ಶತಮಾನಗಳಲ್ಲಿ. ಶರಣರು ಬಾಳಿದುದು 12ನೆಯ ಶತಮಾನದಲ್ಲಿ. ಮಾಲೆಯನ್ನು ಕಟ್ಟಿದವರು ತರುವಾಯದವರೆಂದ ಮಾತ್ರಕ್ಕೆ ಹೂವು ಹುಸಿಯಾಗದು. ನಡುವೆ ಬೇರೆ ತೋಟದ ಹೂವು ಸೇರಿದ್ದರೆ ಅದನ್ನು ಗುರುತಿಸುವುದೂ ದ್ರೋಹವಲ್ಲ, ಸೇವೆಯೇ ಆಗಿದೆ. ವಿಜಯಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಅರಸಿ ತಂದು, ಪರಿಶೋಧಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸದಿದ್ದರೆ ನಮ್ಮಲ್ಲಿ ಅನೇಕರಿಗೆ ಈ ವಚನಗಳ ದರ್ಶನವೇ ಆಗುತ್ತಿರಲಿಲ್ಲ. ಅವರಲ್ಲಿ ಶೋಧನೆಯೂ ಭಕ್ತಿಯೂ ಒಂದನ್ನೊಂದು ನೂಕಲಿಲ್ಲ.

ಆದರೆ ಶೋಧನೆಗೂ ಒಂದು ಎಲ್ಲೆಯುಂಟು. ಯಾರು ನುಡಿದರು, ಎಂದು ನುಡಿದರು, ಯಾವ ಪಾಠವು ಶುದ್ಧ ಎಂದು ವಿದ್ಯಾಲಯವು ಕೇಳುತ್ತದೆ. ಸರ್ವಮತದವರೂ ಕುಳಿತು ಕಲಿಯುವ ಆ ಸ್ಥಳದಲ್ಲಿ ನಂಬಿಕೆಗೆ ಅಂಕವನ್ನು ಕೊಡದಿರುವುದೇ ನ್ಯಾಯ. ನಾನು ಸತ್ಯಶುದ್ಧ ಕಾಯಕವನ್ನು ಮಾಡುತ್ತಿರುವೆನೆ, ನನ್ನ ದಾಸೋಹದಲ್ಲಿ ಅಹಂಕಾರವಿದೆಯೆ ಎಂಬ ಪ್ರಶ್ನೆಗಳನ್ನು ಯಾವ ಪ್ರಶ್ನಪತ್ರಿಕೆಯೂ ಕೇಳದು. ವೈದ್ಯಶಾಸ್ತ್ರದಲ್ಲಿ ಪ್ರಥಮಶ್ರೇಣಿಯನ್ನು ಪಡೆದವನಿಗೂ ಜ್ವರ ಬಂದರೆ ಪದವಿಯಿಂದ ಅದು ಇಳಿಯದು. ಔಷಧವನ್ನು ಅವನೂ ಸೇವಿಸಬೇಕು. ಹಾಗೆಯೇ ಔಷಧದ ಹೆಸರನ್ನೂ ಗುಣವನ್ನೂ ಕೇಳಿದ ಮಗನನ್ನು ಗದರಿಸುವುದು ಹಿರಿಯರಿಗೆ ಒಪ್ಪುವುದಿಲ್ಲ.

ಸದ್ಭಕ್ತರೆ, ತರುಣರು ಧರ್ಮವನ್ನು ಬರಿಯ ವಿಷಯವೆಂದು ತಿಳಿದರೆ ಅದರ ತಪ್ಪು ವಿದ್ಯಾಲಯದ್ದೆಂದು ಹೇಳಿ ನಾವು ಜಾರಿಕೊಳ್ಳಬಾರದು. ಬಾಳಿನ ಪ್ರಶ್ನೆಗೆ ಉತ್ತರವು ಮನೆಯಲ್ಲಿಯೂ ಮಠದಲ್ಲಿಯೂ ದೊರೆಯಬೇಕಾಗಿತ್ತು. ಆ ತಂದೆಗೆ ನಾನು ಹೇಳಿದುದಿಷ್ಟು: "ಬಲವಂತದಿಂದ ಪೂಜೆ ಮಾಡಿಸಬೇಡಿರಿ. ಸಂಜೆಗೊಂದು ವಚನವನ್ನು ಇಬ್ಬರೂ ಕೂಡಿ ಓದಿರಿ. ಪದದ ಅರ್ಥವನ್ನು ಅವನು ಹೇಳಲಿ. ಅದು ನಿಮ್ಮ ಬಾಳಿನಲ್ಲಿ ಎಷ್ಟು ನಡೆದಿದೆ, ಎಷ್ಟು ನಡೆದಿಲ್ಲ ಎಂಬುದನ್ನು ನೀವು ಮರೆಮಾಚದೆ ಹೇಳಿರಿ."

ಅವನು ಪೂಜೆಗೆ ಮರಳುವನೆ ಎಂಬುದು ಅವನ ಅರಿವಿಗೆ ಬಿಟ್ಟುದು. ನನ್ನ ತರಗತಿಯಲ್ಲಿ ಮಾತ್ರ ಈಗ ಅರ್ಥವನ್ನು ಕೇಳಿದ ಮಗುವನ್ನು ಸುಮ್ಮನಿರಿಸುವುದಿಲ್ಲ.