ಮಾರಾಟದ ಲೆಕ್ಕ ಮತ್ತು ಎರಡು ಅಳತೆಗೋಲು

ಒಂದು ವಸ್ತು ಬಹಳ ಮಾರಾಟವಾಯಿತು ಎಂದ ಮಾತ್ರಕ್ಕೆ ಅದು ಒಳ್ಳೆಯದಾಗಿರಲೇಬೇಕೇ? ವಿಮರ್ಶಕರು ಹೊಗಳಿದ ಮಾತ್ರಕ್ಕೆ ಅದು ಶ್ರೇಷ್ಠವೇ? ಸಿನೆಮಾ, ಕಾದಂಬರಿಗಳ ವಿಷಯದಲ್ಲಿ ಈ ಚರ್ಚೆಯನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಮೇಜಿನ ಸುತ್ತ ಕುಳಿತು ಪಾತ್ರ ವಹಿಸಿ ಆಡುವ ಆಟಗಳ ಲೋಕದಲ್ಲೂ ಇದೇ ಚರ್ಚೆ ದಶಕಗಳಿಂದ ನಡೆದಿದೆ. ಆ ಆಟ ನಮ್ಮಲ್ಲಿ ಅನೇಕರಿಗೆ ಹೊಸದಿರಬಹುದು. ಅದು ಎತ್ತಿರುವ ನೈತಿಕ ಪ್ರಶ್ನೆ ಮಾತ್ರ ಹೊಸದಲ್ಲ.

ಆಟದ ಸ್ವರೂಪವನ್ನು ಅರಿಯಲು ನಾವು ದೂರ ಹೋಗಬೇಕಾಗಿಲ್ಲ. ಅಂಕೋಲಾ, ಕುಮಟಾ, ಹೊನ್ನಾವರ ಕಡೆಯವರಿಗೆ ತಾಳಮದ್ದಲೆ ಗೊತ್ತು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಪಾತ್ರವಾಗಿ ಮಾತನಾಡುತ್ತಾರೆ. ಪ್ರಸಂಗದ ಚೌಕಟ್ಟು ಗೊತ್ತಿರುತ್ತದೆ, ಮಾತು ಮಾತ್ರ ಅಲ್ಲೇ ಹುಟ್ಟುತ್ತದೆ. ಅಮೆರಿಕದಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಹೆಚ್ಚುಕಡಿಮೆ ಇದೇ ಬಗೆಯದು. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಯೋಧ, ಮಾಂತ್ರಿಕ, ಕಳ್ಳ ಹೀಗೆ ಒಂದೊಂದು ಪಾತ್ರವಾಗಿ ನಿರ್ಧಾರ ಕೈಗೊಳ್ಳುತ್ತಾರೆ. ಫಲಿತಾಂಶ ಸಂಶಯದಲ್ಲಿದ್ದಾಗ ದಾಳ ಉರುಳುತ್ತದೆ. ಮೊದಲ ಮುದ್ರಣ ಕೇವಲ ಒಂದು ಸಾವಿರ ಪ್ರತಿ. ಇಂದು ಅದು ಹಾಸ್‌ಬ್ರೋ ಎಂಬ ದೊಡ್ಡ ಕಂಪೆನಿಯ ಸೊತ್ತು.

2008ರಲ್ಲಿ ಈ ಆಟದ ನಾಲ್ಕನೇ ಆವೃತ್ತಿ ಬಂತು. ನಿಯಮಗಳು ಬಹಳವಾಗಿ ಬದಲಾಗಿದ್ದವು. ಅದು ಹಿಡಿಸದವರಿಗೆ 2009ರಲ್ಲಿ ಪೈಝೋ ಎಂಬ ಸಣ್ಣ ಕಂಪೆನಿ, ಹಳೆಯ ನಿಯಮಗಳನ್ನೇ ಆಧರಿಸಿ 'ಪಾಥ್‌ಫೈಂಡರ್' ಎಂಬ ಆಟವನ್ನು ಕೊಟ್ಟಿತು. 2011ರ ಹೊತ್ತಿಗೆ ಐಸಿವಿ2 ಎಂಬ ವ್ಯಾಪಾರ ಪತ್ರಿಕೆಯ ಪಟ್ಟಿಯಲ್ಲಿ ಪಾಥ್‌ಫೈಂಡರ್ ಮುಂದೆ ಬಂತು. ಅಭಿಮಾನಿಗಳು ಎರಡು ಪಾಳಯವಾದರು. ಒಂದು ಪಾಳಯ ಪಟ್ಟಿಯನ್ನು ತೋರಿಸಿ 'ಜನರೇ ತೀರ್ಪು ಕೊಟ್ಟಿದ್ದಾರೆ' ಎಂದಿತು. ಇನ್ನೊಂದು 'ಆ ಪಟ್ಟಿಗೆ ಬೆಲೆಯೇನು?' ಎಂದು ಕೇಳಿತು. ಆ ಪಟ್ಟಿ ಮಾರಾಟವಾದ ಪ್ರತಿಗಳನ್ನು ಎಣಿಸಿ ಮಾಡಿದ್ದಲ್ಲ, ಅಂಗಡಿಯವರು ಮತ್ತು ವಿತರಕರನ್ನು ವಿಚಾರಿಸಿ ಮಾಡಿದ್ದು. ಆಟದ ಅಂಗಡಿಗಳ ಹೊರಗೆ, ಅಂತರ್ಜಾಲದ ಚಂದಾದಾರಿಕೆಯ ಮೂಲಕ ಬರುತ್ತಿದ್ದ ಹಣ ಅದರ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಆಕ್ಷೇಪ ನ್ಯಾಯವಾದದ್ದೇ. ಆದರೆ 2014ರಲ್ಲಿ ಐದನೇ ಆವೃತ್ತಿ ಬಂದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮತ್ತೆ ಮುಂದಾದಾಗ ವಾದಗಳು ಅದಲುಬದಲಾದವು. ನಿನ್ನೆ ಪಟ್ಟಿಯನ್ನು ಹಳಿದವರಿಗೆ ಇಂದು ಅದೇ ಪಟ್ಟಿ ಸಾಕ್ಷಿಯಾಯಿತು. ನಿನ್ನೆ ಜನರ ತೀರ್ಪು ಎಂದವರು ಇಂದು 'ಇದೆಲ್ಲಾ ಪ್ರಚಾರದ ಮಹಿಮೆ' ಎಂದರು.

ನನ್ನನ್ನು ಕಾಡಿದ್ದು ಈ ತಿರುವು. ಕುರ್‌ಆನಿನ 83ನೇ ಅಧ್ಯಾಯದ ಹೆಸರು 'ಅಲ್ ಮುತಫ್ಫಿಫೀನ್'. ಅಳತೆ ತೂಕಗಳಲ್ಲಿ ವಂಚಿಸುವವರು ಎಂದರ್ಥ. ತಮಗೆ ಬರಬೇಕಾದುದನ್ನು ತುಂಬಿಸಿ ಪಡೆದು, ಇತರರಿಗೆ ಕೊಡುವಾಗ ತಗ್ಗಿಸುವವರನ್ನು ಅದು ಕಠಿಣವಾಗಿ ಎಚ್ಚರಿಸುತ್ತದೆ. ಇದು ದಿನಸಿ ಅಂಗಡಿಯ ತಕ್ಕಡಿಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸುವುದು ನಮಗೆ ಅನುಕೂಲ. ಆದರೆ ಅಭಿಪ್ರಾಯಕ್ಕೂ ಒಂದು ತಕ್ಕಡಿಯಿದೆ. ನಮಗಿಷ್ಟವಾದದ್ದು ಮಾರಾಟವಾದರೆ ಜನರು ಜಾಣರು. ಇಷ್ಟವಿಲ್ಲದ್ದು ಮಾರಾಟವಾದರೆ ಜನರಿಗೆ ಅಭಿರುಚಿಯಿಲ್ಲ. ನಮ್ಮವರನ್ನು ಹೊಗಳಿದ ವಿಮರ್ಶಕ ನಿಷ್ಪಕ್ಷಪಾತಿ; ತೆಗಳಿದವನು ಪೂರ್ವಗ್ರಹಪೀಡಿತ. ಇದು ಎರಡು ಅಳತೆಗೋಲು ಇಟ್ಟುಕೊಂಡ ವ್ಯಾಪಾರವಲ್ಲದೆ ಇನ್ನೇನು?

ಹಾಗಾದರೆ ಮಾರಾಟದ ಲೆಕ್ಕ ಏನನ್ನೂ ಹೇಳುವುದಿಲ್ಲವೇ? ಹೇಳುತ್ತದೆ, ಆದರೆ ತನ್ನ ಮಿತಿಯೊಳಗೆ. ಕಾಳಿ ನದಿ ಕಡಲು ಸೇರುವ ಕೋಡಿಬಾಗದಲ್ಲಿ ಮೀನು ಕೊಳ್ಳುವ ಯಾರನ್ನು ಕೇಳಿದರೂ ಇದು ತಿಳಿದೀತು. ಬಂಗಡೆ ರಾಶಿ ರಾಶಿ ಬಂದ ದಿನ ದರ ಇಳಿಯುತ್ತದೆ, ಮನೆ ಮನೆಗೆ ಬಂಗಡೆ ಹೋಗುತ್ತದೆ. ಮಳೆಗಾಲದ ನಿಷೇಧದಲ್ಲಿ ಯಾಂತ್ರಿಕ ದೋಣಿಗಳು ದಡದಲ್ಲಿರುವಾಗ ಅದೇ ಮೀನಿಗೆ ದುಬಾರಿ ಬೆಲೆ. ಬಂಗಡೆಯ ರುಚಿ ಬೆಲೆಯನ್ನು ನೋಡಿ ಬದಲಾಗುವುದಿಲ್ಲ. ಮೀನು ತಾಜಾ ಇದೆಯೇ ಎಂದು ತಿಳಿಯಲು ಗ್ರಾಹಕಿ ಬುಟ್ಟಿಯ ಸುತ್ತಲಿನ ಜನರನ್ನು ಎಣಿಸುವುದಿಲ್ಲ. ಕಿವಿರು ಎತ್ತಿ ನೋಡುತ್ತಾಳೆ. ಹಾಗೆಂದು ಜನರು ಸೇರಿದ್ದನ್ನು ತಿರಸ್ಕರಿಸುವುದೂ ಸರಿಯಲ್ಲ. ಸಾವಿರಾರು ಮಂದಿ ಒಂದು ಆಟವನ್ನು ಕೊಂಡರೆ ಅವರಿಗೆ ಅದರಲ್ಲಿ ಏನೋ ಕಂಡಿದೆ. ಏನು ಕಂಡಿತು ಎಂದು ಕೇಳುವ ಸೌಜನ್ಯ ನಮ್ಮಲ್ಲಿರಬೇಕು.

ವಿಮರ್ಶೆಯ ಹೊಣೆ ಇನ್ನೂ ದೊಡ್ಡದು. ವಿಮರ್ಶೆಯೆಂದರೆ ಸಾಕ್ಷ್ಯ ನುಡಿಯುವುದು. ಈ ಆಟಗಳ ವಿಮರ್ಶೆಗಳಲ್ಲಿ ಎಷ್ಟೋ ಬರೀ ನಿಯಮ ಪುಸ್ತಕವನ್ನು ಓದಿ ಬರೆದವು, ಆಡಿ ಬರೆದವಲ್ಲ. 1980ರ ದಶಕದಲ್ಲಿ ಅಮೆರಿಕದಲ್ಲಿ ಓದುವ ಕಷ್ಟವನ್ನೂ ತೆಗೆದುಕೊಳ್ಳದವರು ತೀರ್ಪು ಕೊಟ್ಟರು. ಇದು ಸೈತಾನನ ಆರಾಧನೆ, ಮಕ್ಕಳನ್ನು ಆತ್ಮಹತ್ಯೆಗೆ ತಳ್ಳುತ್ತದೆ ಎಂಬ ಪ್ರಚಾರ ನಡೆಯಿತು. 1983ರಲ್ಲಿ ಅದಕ್ಕಾಗಿಯೇ ಒಂದು ಸಂಘಟನೆ ಹುಟ್ಟಿತು. ಆರೋಪ ಸಾಬೀತಾಗಲಿಲ್ಲ. ವಿಪರ್ಯಾಸವೆಂದರೆ ಆ ಗದ್ದಲವೇ ಆಟಕ್ಕೆ ಪ್ರಚಾರ ಕೊಟ್ಟು ಮಾರಾಟ ಹೆಚ್ಚಿಸಿತು! ಓದದೆ, ನೋಡದೆ, ಕೇಳಿದ ಮಾತಿನ ಮೇಲೆ ಒಂದನ್ನು ಸೈತಾನನದೆಂದು ಸಾರುವುದು ಎಷ್ಟು ಸುಲಭ, ಎಷ್ಟು ಕ್ರೂರ ಎಂಬುದು ಈ ನಾಡಿನ ಮುಸ್ಲಿಮರಿಗೆ ವಿವರಿಸಿ ಹೇಳಬೇಕಾದ ಸಂಗತಿಯಲ್ಲ. ನಮ್ಮ ಗ್ರಂಥ, ನಮ್ಮ ಉಡುಪು, ನಮ್ಮ ಮದ್ರಸಗಳ ಬಗ್ಗೆ ಇಂತಹ ವಿಮರ್ಶೆಗಳು ಬಂದಾಗ ನಾವು ನೊಂದಿದ್ದೇವೆ. ಹಾಗಿರುವಾಗ ಇನ್ನೊಬ್ಬರ ಆಟ, ಪುಸ್ತಕ, ಕಲೆಯ ಬಗ್ಗೆ ತೀರ್ಪು ನೀಡುವಾಗ ಅದೇ ನ್ಯಾಯ ನಮ್ಮಿಂದಲೂ ಸಲ್ಲಬೇಡವೇ?

ಇನ್ನೊಂದು ವಿಷಯವಿದೆ. ಮಾರಾಟ ಮತ್ತು ವಿಮರ್ಶೆ ಎರಡೂ ಅಳೆಯುವುದು ಪುಸ್ತಕವನ್ನು. ಆಟ ಇರುವುದು ಪುಸ್ತಕದಲ್ಲಲ್ಲ, ಕುಳಿತವರ ನಡುವೆ. ಪ್ರಸಂಗ ಒಂದೇ ಆದರೂ ಒಂದು ರಾತ್ರಿಯ ತಾಳಮದ್ದಲೆ ಮನಸ್ಸಿನಲ್ಲಿ ಉಳಿಯುತ್ತದೆ, ಇನ್ನೊಂದು ಮರೆತುಹೋಗುತ್ತದೆ. ಮುಸ್ಲಿಮರಾದ ಜಬ್ಬಾರ್ ಸಮೋ ಅವರು ಪೌರಾಣಿಕ ಪಾತ್ರಗಳಿಗೆ ಅರ್ಥ ಹೇಳಿ ಹೆಸರಾದವರು. ತನ್ನದಲ್ಲದ ಪಾತ್ರದ ಒಳಹೊಕ್ಕು ಅದರ ನ್ಯಾಯವನ್ನು ಮಂಡಿಸುವ, ಎದುರಾಳಿಯ ಮಾತನ್ನು ಕಿವಿಗೊಟ್ಟು ಕೇಳಿ ಉತ್ತರಿಸುವ ಆ ಗುಣಕ್ಕೆ ಯಾವ ಪಟ್ಟಿಯಲ್ಲಿ ಸ್ಥಾನವಿದೆ?

ನಮ್ಮ ಹಿಂದಿನ ವಿದ್ವಾಂಸರು ಚದುರಂಗದ ಬಗ್ಗೆ ಚರ್ಚಿಸಿದ ರೀತಿ ಇಲ್ಲಿ ಸ್ಮರಣೀಯ. ಅವರಲ್ಲಿ ಒಮ್ಮತವಿರಲಿಲ್ಲ. ಅನೇಕರು ನಿಷಿದ್ಧವೆಂದರು. ನಮ್ಮ ಕರಾವಳಿಯ ಹೆಚ್ಚಿನ ಮುಸ್ಲಿಮರು ಅನುಸರಿಸುವ ಶಾಫಿಈ ಪಂಥದಲ್ಲಿ, ಅಪೇಕ್ಷಣೀಯವಲ್ಲದಿದ್ದರೂ ಶರತ್ತುಗಳೊಂದಿಗೆ ಅವಕಾಶವಿತ್ತು. ಎಷ್ಟು ಮಂದಿ ಆಡುತ್ತಾರೆ ಎಂಬುದು ಅವರಿಗೆ ಮುಖ್ಯವಾಗಲಿಲ್ಲ. ಪಣವಿದೆಯೇ? ನಮಾಝ್ ತಪ್ಪುತ್ತದೆಯೇ? ಬೈಗುಳ, ಹಗೆತನ ಬೆಳೆಯುತ್ತದೆಯೇ? ಇವು ಅವರ ಪ್ರಶ್ನೆಗಳು. ತೀರ್ಪು ಬೇರೆಯಾದರೂ ಅವರು ಏನನ್ನು ತೂಗುತ್ತಿದ್ದಾರೆಂಬುದು ಎಲ್ಲರಿಗೂ ಕಾಣುತ್ತಿತ್ತು.

ಮಗನೋ ಮಗಳೋ ಇಂತಹ ಆಟವನ್ನು ಮನೆಗೆ ತಂದಾಗ ತಂದೆ ತಾಯಿ ಕೇಳಬೇಕಾದದ್ದೂ ಇಂತಹ ಪ್ರಶ್ನೆಗಳನ್ನೇ. ಎಷ್ಟು ಮಾರಾಟವಾಗಿದೆ, ಎಷ್ಟು ನಕ್ಷತ್ರ ಸಿಕ್ಕಿದೆ ಎಂಬುದು ಆಮೇಲಿನ ಮಾತು. ಒಂದು ಸಂಜೆ ಅವರ ಪಕ್ಕದಲ್ಲಿ ಕುಳಿತು ನೋಡಲಿ. ಆ ಬಳಿಕ ಬೇಡವೆಂದರೂ ಸರಿ, ಆಗಲಿ ಎಂದರೂ ಸರಿ. ಕಾರಣ ಹೇಳಲಿ, ಮತ್ತು ಅದೇ ಕಾರಣವನ್ನು ತಮಗೆ ಪ್ರಿಯವಾದ ಕ್ರಿಕೆಟ್ಟಿಗೂ ಧಾರಾವಾಹಿಗೂ ಅನ್ವಯಿಸಲಿ. ನ್ಯಾಯ ತೂಕವೆಂದರೆ ಏನೆಂದು ಮಕ್ಕಳು ಕಲಿಯುವುದು ಅಲ್ಲಿಂದಲೇ.