ಉದ್ರಿಯಲ್ಲಿ ತೆಗೆದ ಫೋಟೊಗಳು

ತರಗುಪೇಟೆಯ ನಮ್ಮ ಬೇಳೆಕಾಳು ಅಂಗಡಿಯಲ್ಲಿ, ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ‘ಇಂದು ನಗದು, ನಾಳೆ ಉದ್ರಿ’ ಎಂಬ ಹಳೆಯ ತಗಡಿನ ಬೋರ್ಡು ಇದೆ. ಅದು ಹೊಸಬರಿಗಷ್ಟೇ. ಗುರುತಿನವರಿಗೆಲ್ಲ ಅಪ್ಪ ಉದ್ರಿ ಕೊಡುತ್ತಿದ್ದರು. ಕೊಟ್ಟಿದ್ದನ್ನು ಕೆಂಪು ರಟ್ಟಿನ ಉದ್ದನೆಯ ಪುಸ್ತಕದಲ್ಲಿ ಅಲ್ಲೇ, ಆಗಲೇ ಬರೆಯುತ್ತಿದ್ದರು. ಬರೆಯದೆ ಕೊಟ್ಟರೆ ದಾನ, ಬರೆಯದೆ ತಗೊಂಡರೆ ಕಳ್ಳತನ ಅನ್ನುವುದು ಅವರ ಲೆಕ್ಕ. ಆ ಲೆಕ್ಕ ಒಂದು ದಿನ ನನ್ನ ಕ್ಯಾಮೆರಾದ ಹತ್ತಿರವೂ ಬಂತು.

ಫೋಟೊ ನನಗೆ ಹೊಟ್ಟೆಪಾಡಲ್ಲ, ಅಂಗಡಿ ಬಾಗಿಲು ಹಾಕಿದ ಮೇಲಿನ ಹುಚ್ಚು. ವರ್ಷದ ಬಹುಪಾಲು ಬೀರುವಿನಲ್ಲಿರುವ ಕ್ಯಾಮೆರಾ ನವರಾತ್ರಿಗೆ ಪಟ್ಟದ ಬೊಂಬೆಗಳ ಜೊತೆಗೇ ಹೊರಬರುತ್ತದೆ. ಬೊಂಬೆಗಳು ಹಬ್ಬ ಕಳೆದ ಕೂಡಲೇ ಪೆಟ್ಟಿಗೆ ಸೇರಿದರೂ ಇದು ಕಡಲೆಕಾಯಿ ಪರಿಷೆ ಮುಗಿಯುವ ತನಕ ಹೆಗಲಿಂದ ಇಳಿಯುವುದಿಲ್ಲ. ಹಬ್ಬ ಒಂದು ನೆಪ, ಅಸಲು ಕಾರಣ ಬೆಳಕು. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಲ್ಲಿ ಒಮ್ಮೆ, ಆಗಸ್ಟ್ ನಡುವಿನಲ್ಲಿ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆಗ ಯಾರ ಫೋಟೊ ತೆಗೆದರೂ ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗುಳಿ. ಕಾರ್ತಿಕದ ಹೊತ್ತಿಗೆ ಅವನು ದಕ್ಷಿಣಕ್ಕೆ ವಾಲಿ, ನಡುಹಗಲಲ್ಲೂ 60 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತಾನೆ. ಸೆಪ್ಟೆಂಬರ್, ಅಕ್ಟೋಬರ್ ಮಳೆ ಗಾಳಿಯ ದೂಳನ್ನು ತೊಳೆದಿರುತ್ತದೆ. ನವೆಂಬರ್ ನಡುವಿನಲ್ಲಿ 5.50ಕ್ಕೆಲ್ಲ ಸೂರ್ಯ ಮುಳುಗುವುದರಿಂದ ನಾಲ್ಕೂವರೆಗೇ ನಮ್ಮ ಬೀದಿಯ ಗೋಡೆಗಳು ಕಾಯಿಸಿದ ತುಪ್ಪದ ಬಣ್ಣಕ್ಕೆ ತಿರುಗುತ್ತವೆ. ಹೊರದೇಶದ ಕ್ಯಾಲೆಂಡರುಗಳಲ್ಲಿ ಈ ಋತುವೆಂದರೆ ಕೆಂಪೆಲೆ. ನಮ್ಮ ಮರಗಳು ಎಲೆ ಉದುರಿಸುವುದು ಶಿಶಿರಕ್ಕೆ. ನಮ್ಮ ಶರತ್ತಿನ ಬಣ್ಣ ಕೆ.ಆರ್. ಮಾರುಕಟ್ಟೆಯ ಚೆಂಡುಹೂವಿನ ರಾಶಿ, ಲಾರಿ ಮುಂದೆ ಒಡೆದ ಬೂದುಗುಂಬಳದೊಳಗಿನ ಕುಂಕುಮ, ಫುಟ್‌ಪಾತಿನ ಮೇಲೆ ಉದುರಿದ ಆಕಾಶಮಲ್ಲಿಗೆ.

ಕೆಲವು ವರ್ಷದ ಹಿಂದಿನ ಆಯುಧಪೂಜೆ. ತಕ್ಕಡಿ, ಮೂಟೆ ಹೊಲಿಯುವ ದಬ್ಬಳ, ಕೈಗಾಡಿ, ಕಂಪ್ಯೂಟರು ಎಲ್ಲಕ್ಕೂ ಅರಿಸಿನ ಕುಂಕುಮ ಆಗಿತ್ತು. ನಮ್ಮಲ್ಲಿ ಮೂಟೆ ಎತ್ತುವ ಹಮಾಲಿ ಒಬ್ಬರಿದ್ದಾರೆ, ಅಂಗಡಿಗೆ ನನಗಿಂತ ಹಳಬರು, ನಾನು ಅಣ್ಣ ಅಂತಲೇ ಕರೆಯುವುದು. ತಮ್ಮ ಕೊಕ್ಕೆಯನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ, ಹಿಡಿಗೆ ಒಂದು ಸೇವಂತಿಗೆ ಸಿಕ್ಕಿಸಿ, ಎರಡೂ ಕೈಯಲ್ಲಿ ಎದೆಯ ಹತ್ತಿರ ಹಿಡಿದು ನಿಂತಿದ್ದರು. ಬಾಗಿಲಿಂದ ಓರೆ ಬಿಸಿಲು. ಜಡ್ಡುಗಟ್ಟಿದ ಅಂಗೈಯ ಗೆರೆಗಳಲ್ಲಿ ಕುಂಕುಮ. ನಾನು ಮೈಮೇಲೆ ಬಿದ್ದ ಹಾಗೆ ಹತ್ತಿರ ಹೋಗಿ ಒಂದೇ ಸಮ ಕ್ಲಿಕ್ಕಿಸಿದೆ. ‘ಸಾವ್ಕಾರ್ರೇ, ನಮಗೊಂದು ಕಾಪಿ ಕೊಡ್ತೀರಾ?’ ಅಂದರು. ‘ಮುಂದಿನ ವಾರ ಕೊಡ್ತೀನಣ್ಣ’ ಅಂದೆ.

ಮುಂದಿನ ವಾರ ದೀಪಾವಳಿ ವ್ಯಾಪಾರದ ಗಡಿಬಿಡಿ. ಆಮೇಲೆ ಒಂದೆರಡು ಸಲ ಅವರು ಕೇಳಿದರು, ನಾನು ಮರೆತೆ ಅಂದೆ. ಆ ಫೋಟೊವನ್ನು ಒಂದು ಸ್ಪರ್ಧೆಗೆ ಕಳಿಸುವುದನ್ನು ಮಾತ್ರ ಮರೆತಿರಲಿಲ್ಲ. ಸರ್ಟಿಫಿಕೇಟು ಬಂತು. ಫೋಟೊವನ್ನು ದೊಡ್ಡದಾಗಿ ಪ್ರಿಂಟು ಹಾಕಿಸಿ, ಕಟ್ಟು ಹಾಕಿಸಿ, ಅಂಗಡಿಯಲ್ಲೇ ತೂಗುಹಾಕಿದೆ. ಅವರು ಮೂಟೆ ಇಳಿಸಿ, ಹೆಗಲ ಟವೆಲಿನಲ್ಲಿ ಕತ್ತು ಒರೆಸಿಕೊಳ್ಳುತ್ತ ಬಹಳ ಹೊತ್ತು ನೋಡಿದರು. ‘ಇದು ನನ್ನ ಕೈ ಅಲ್ವಾ?’ ಅಂದರು. ಹೌದಣ್ಣ ಅಂದೆ. ‘ಮುಖ ಯಾಕೆ ಹಾಕಿಲ್ಲ?’

ಮುಖ ಬಿದ್ದಿತ್ತು. ಕತ್ತರಿಸಿದ್ದು ನಾನು. ಕೈ, ಕೊಕ್ಕೆ, ಹೂವು ಇಷ್ಟೇ ಇದ್ದರೆ ಚಿತ್ರಕ್ಕೆ ತೂಕ ಬರುತ್ತದೆ ಅನ್ನಿಸಿತ್ತು. ಅದನ್ನು ಅವರಿಗೆ ಹೇಗೆ ಹೇಳುವುದೆಂದು ತಡಕಾಡುತ್ತಿರುವಾಗ ಅಪ್ಪ ಗಲ್ಲಾದಿಂದ ತಲೆ ಎತ್ತದೆ ಕೇಳಿದರು: ‘ಅವರ ಹತ್ತಿರ ಉದ್ರಿ ತಗೊಂಡಿದ್ದೀಯಲ್ಲ, ಎಲ್ಲಾದರೂ ಬರೆದಿಟ್ಟಿದ್ದೀಯಾ?’

ಸರ್ಕಾರದ ಲೆಕ್ಕ ಏಪ್ರಿಲ್ 1ಕ್ಕೆ ಶುರುವಾದರೂ ಪೇಟೆಯಲ್ಲಿ ಹೊಸ ಪುಸ್ತಕಕ್ಕೆ ಪೂಜೆ ಆಗುವುದು ದೀಪಾವಳಿಗೇ. ಆ ಸಲ ಅವೆನ್ಯೂ ರಸ್ತೆಯಿಂದ ಅಂಗಡಿಯ ಪುಸ್ತಕ ತರುವಾಗ ನನಗೂ ಒಂದು ಚಿಕ್ಕದನ್ನು ತಂದೆ. ನಾಲ್ಕು ಕಾಲಮ್ಮು ಎಳೆದೆ: ತಾರೀಖು, ಯಾರು, ಎಲ್ಲಿ, ಕೊಟ್ಟ ದಿನ. ಮೊದಲ ಸಾಲಿಗೆ ಹಮಾಲಿ ಅಣ್ಣನ ಹೆಸರು. ನಿಯಮ ಒಂದೇ. ಯಾರ ಫೋಟೊ ತೆಗೆದರೂ ಅದು ಕಾಗದದ ಮೇಲೆ ಅವರ ಕೈ ಸೇರುವ ತನಕ ಆ ಸಾಲು ಬಾಕಿ. ವಾಟ್ಸಾಪಿನಲ್ಲಿ ಕಳಿಸಿದರೆ ಜಮಾ ಆಗುವುದಿಲ್ಲ. ಇದೇನು ಹಟ ಅಂತ ಗೆಳೆಯರು ನಕ್ಕರು. ವಾಟ್ಸಾಪಿಗೆ ಬಿದ್ದ ಫೋಟೊ ಮೊದಲೇ ಸೊರಗಿರುತ್ತದೆ, ಸಾಲದ್ದಕ್ಕೆ ನೂರು ಶುಭೋದಯಗಳ ಕೆಳಗೆ ಹೂತುಹೋಗುತ್ತದೆ. ಪೋಸ್ಟ್‌ಕಾರ್ಡಿನಷ್ಟು ಅಗಲದ ಪ್ರಿಂಟಿಗೆ ಭಾರೀ ಖರ್ಚೇನೂ ಇಲ್ಲ. ಖರ್ಚಾಗುವುದು ಕಾಲು ಮತ್ತು ಮನಸ್ಸು: ಅಂಗಡಿಗೆ ಹೋಗಬೇಕು, ಆರಿಸಬೇಕು, ಆ ಮನುಷ್ಯನನ್ನು ಮತ್ತೆ ಹುಡುಕಿಕೊಂಡು ಹೋಗಬೇಕು.

ಮೊದಲ ತಿಂಗಳು 43 ಸಾಲು ಬರೆದೆ, ತೀರಿಸಿದ್ದು ಆರು. ನಾಚಿಕೆಯಾಯಿತು. ಎರಡನೇ ತಿಂಗಳಿಗೆ ಬೆರಳು ತಾನಾಗಿಯೇ ನಿಧಾನವಾಯಿತು. ಇದನ್ನು ಸಂಯಮ ಅಂತ ಹೊಗಳಿಕೊಳ್ಳಲಾರೆ. ಒತ್ತಿದರೆ ಬರೆಯಬೇಕು, ಬರೆದರೆ ಕೊಡಬೇಕು ಅನ್ನುವ ಸೋಮಾರಿ ಭಯ ಅಷ್ಟೆ. ಒಳ್ಳೆಯ ಅಭ್ಯಾಸಗಳು ಒಳ್ಳೆಯತನದಿಂದಲೇ ಹುಟ್ಟಬೇಕೆಂದು ನಾನು ನಂಬುವುದಿಲ್ಲ. ಕೆಲವು ಸೋಮಾರಿತನದ ಹೊಟ್ಟೆಯಲ್ಲಿ ಹುಟ್ಟುತ್ತವೆ.

ಆಗಲೇ ಅಪ್ಪನ ಆಗ್ಫಾ ಕ್ಲಿಕ್ 3 ಕ್ಯಾಮೆರಾವನ್ನು ಅಟ್ಟದಿಂದ ಇಳಿಸಿ ನೋಡಿದ್ದು. ಒಂದು 120 ರೋಲಿಗೆ ಚೌಕನೆಯ ಹನ್ನೆರಡು ಚಿತ್ರ. ಹಿಂಬದಿಯ ಪುಟ್ಟ ಕೆಂಪು ಕಿಟಕಿಯಲ್ಲಿ ಅಂಕಿ ಬರುವ ತನಕ ಗುಂಡಿ ತಿರುಗಿಸಬೇಕು. ಅಪ್ಪ ವರ್ಷಕ್ಕೆ ಒಂದೇ ರೋಲು ಹಾಕುತ್ತಿದ್ದರಂತೆ: ದಸರೆಗೆ ಮೂರು, ದೀಪಾವಳಿಗೆ ಎರಡು, ಪರಿಷೆಗೆ ಎರಡು, ಉಳಿದದ್ದು ಹುಟ್ಟು ಮದುವೆಗೆ. ತೊಳೆಸಿ ತಂದ ಪ್ರತಿ ಫೋಟೊದ ಬೆನ್ನಿಗೂ ಅಂಗಡಿ ಪುಸ್ತಕದ್ದೇ ಅಕ್ಷರ. ಎಡದಿಂದ ಯಾರು, ಬಲದಿಂದ ಯಾರು, ತಾರೀಖು, ಯಾರಿಗೆ ಇನ್ನೊಂದು ಪ್ರತಿ ಹೋಯಿತು. ಒಂದರ ಹಿಂದೆ ‘ಚಿಕ್ಕಪ್ಪ ಕಣ್ಣು ಮುಚ್ಚಿದ್ದಾನೆ, ಆದರೂ ಕೊಟ್ಟಿದೆ’ ಅಂತಿದೆ. ನನ್ನ ಹಾರ್ಡ್‌ಡಿಸ್ಕಿನಲ್ಲಿ ಸಾವಿರಗಟ್ಟಲೆ ಫೋಟೊ ಇವೆ. ಅವುಗಳಲ್ಲಿ ಎಷ್ಟೋ ಮುಖಗಳ ಹೆಸರು ನನಗೇ ಗೊತ್ತಿಲ್ಲ.

ಹೆಚ್ಚು ತೆಗೆದಷ್ಟೂ ಹೆಚ್ಚು ನೆನಪು ಉಳಿಯುತ್ತದೆ ಅನ್ನುವುದೂ ಪೂರ್ತಿ ನಿಜವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ವಿದ್ಯಾರ್ಥಿಗಳನ್ನು ಒಂದು ಕಲಾ ಸಂಗ್ರಹಾಲಯದಲ್ಲಿ ಸುತ್ತಾಡಿಸಿ, ಕೆಲವು ವಸ್ತುಗಳನ್ನು ಬರೀ ನೋಡಲು, ಕೆಲವನ್ನು ಫೋಟೊ ತೆಗೆಯಲು ಹೇಳಿದರು. 2014ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಮರುದಿನ ಕೇಳಿದಾಗ ಬರೀ ನೋಡಿದ್ದಕ್ಕಿಂತ ಫೋಟೊ ತೆಗೆದದ್ದೇ ಕಡಿಮೆ ನೆನಪಿತ್ತು. ವಸ್ತುವಿನ ಯಾವುದಾದರೂ ಒಂದು ಭಾಗಕ್ಕೆ ಜೂಮ್ ಮಾಡಿ ತೆಗೆದವರಿಗೆ ಮಾತ್ರ ಆ ನಷ್ಟ ಆಗಿರಲಿಲ್ಲ. ಕ್ಯಾಮೆರಾ ನೋಡಿಕೊಳ್ಳುತ್ತದೆ ಬಿಡು ಅಂದುಕೊಂಡ ಕೂಡಲೇ ಕಣ್ಣು ಕೆಲಸ ಬಿಡುತ್ತದೆ, ಎಲ್ಲಿ ನೋಡಲಿ ಅಂತ ಆರಿಸಿಕೊಂಡರೆ ಬಿಡುವುದಿಲ್ಲ ಎಂದು ನಾನು ಅರ್ಥಮಾಡಿಕೊಂಡೆ. ಅಂದಿನಿಂದ ಲಾಲ್‌ಬಾಗಿನ ಬಂಡೆ ಹತ್ತಿದರೆ ಮೊದಲು ಹತ್ತು ನಿಮಿಷ ಕ್ಯಾಮೆರಾ ಚೀಲದಲ್ಲೇ ಇರುತ್ತದೆ. ಸುಮಾರು 300 ಕೋಟಿ ವರ್ಷದ ಕಲ್ಲು, ಹತ್ತು ನಿಮಿಷಕ್ಕೆ ಎಲ್ಲಿಗೂ ಹೋಗುವುದಿಲ್ಲ. ಅಲ್ಲಿಂದ ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಹೋದಾಗ ದೋಸೆಯ ಫೋಟೊ ತೆಗೆಯುವುದನ್ನಂತೂ ಪೂರ್ತಿ ನಿಲ್ಲಿಸಿದ್ದೇನೆ. ನನಗಾಗಿ ಕಾಯುತ್ತ ಗೆಳೆಯರ ದೋಸೆ ಆರಿಹೋದದ್ದಕ್ಕೆ ಯಾವ ಪುಸ್ತಕದಲ್ಲಿ ಲೆಕ್ಕ ಇಡುವುದು?

ಪುಸ್ತಕ ಇನ್ನೊಂದು ಸಂಗತಿ ತೋರಿಸಿತು. ವರ್ಷದ ಕೊನೆಗೆ ‘ಯಾರು’ ಅನ್ನುವ ಕಾಲಮ್ಮಿನ ಮೇಲೆ ಬೆರಳಾಡಿಸಿದರೆ ಬೊಂಬೆ ನೋಡಲು ಬಂದ ಪುಟ್ಟ ಹುಡುಗಿಯರಿದ್ದರು, ಮಾವಂದಿರಿದ್ದರು, ಎದುರುಮನೆ ನಾಯಿಯೂ ಇತ್ತು, ದೊಡ್ಡಮ್ಮ ಇರಲಿಲ್ಲ. ಒಂದೇ ಒಂದು ಸಾಲಿನಲ್ಲೂ ಇಲ್ಲ. ಒಂಬತ್ತು ದಿನವೂ ಚರ್ಪು ಮಾಡಿ, ತಟ್ಟೆ ತುಂಬಿ ಕಳಿಸಿದವರು ಅವರೇ. ಎಲ್ಲರೂ ಬೊಂಬೆ ಮುಂದೆ ನಿಂತು ಫೋಟೊಗೆ ನಗುವ ಹೊತ್ತಿಗೆ ಅವರು ಒಳಗೆ ಒಗ್ಗರಣೆ ಹಾಕುತ್ತಿರುತ್ತಾರೆ. ಹಳೆಯ ಆಲ್ಬಮ್ಮು ತೆಗೆದೆ, ಅಲ್ಲೂ ಅದೇ ಕಥೆ. ಅಪ್ಪನ ಹನ್ನೆರಡರಲ್ಲೂ ಅವರಿಗೆ ಪಾಲು ಸಿಕ್ಕಿರಲಿಲ್ಲ. ನಿಮ್ಮ ಫೋನಿನಲ್ಲೂ ಒಮ್ಮೆ ಹೀಗೆ ಎಣಿಸಿ ನೋಡಿ, ಯಾರು ಇಲ್ಲ ಅಂತ.

ನೀರು ತುಂಬುವ ಹಬ್ಬದ ಸಂಜೆ ಬೇಗ ಅಂಗಡಿಯಿಂದ ಚಾಮರಾಜಪೇಟೆಯ ಮನೆಗೆ ಹೋದೆ. ಬಚ್ಚಲುಮನೆಯಲ್ಲಿ ದೊಡ್ಡಮ್ಮ ಹಂಡೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಎಳೆದು, ಕತ್ತಿಗೆ ಹಾಗಲಬಳ್ಳಿ ಸುತ್ತುತ್ತಿದ್ದರು. ಮೇಲಿನ ಕಿಂಡಿಯಿಂದ ಬಿದ್ದ ಬೆಳಕು ತಾಮ್ರದ ಮೇಲೆ ಹೊರಳಿ ಅವರ ಗಲ್ಲಕ್ಕೆ ಹತ್ತಿತ್ತು. ಕ್ಯಾಮೆರಾ ಎತ್ತಿದೆ. ‘ತಲೆ ಬಾಚಿಲ್ಲ ಕಣೋ, ತಡಿ’ ಅಂದರು. ಹಳೇ ನಾನಾಗಿದ್ದರೆ ಅಷ್ಟರಲ್ಲಿ ಐದು ತೆಗೆದಿರುತ್ತಿದ್ದೆ. ತಡೆದೆ. ಅರ್ಧ ಗಂಟೆ ಕಳೆದು, ಮುಡಿಗೆ ಹೂ ಮುಡಿದು, ಮೈಸೂರು ರೇಷ್ಮೆ ಉಟ್ಟು ಬಂದು ಹಂಡೆಯ ಪಕ್ಕ ಸಿಪಾಯಿಯ ಹಾಗೆ ನಿಂತರು. ಬೆಳಕು ಹೋಗಿತ್ತು, ಟ್ಯೂಬ್‌ಲೈಟು ಹಾಕಿ ತೆಗೆದೆ. ಛಾಯಾಗ್ರಾಹಕನ ಕಣ್ಣಿಗೆ ಸಪ್ಪೆ ಚಿತ್ರ. ಅದು ಈಗ ಅವರ ಟ್ರಂಕಿನಲ್ಲಿ, ಸೀರೆಗಳ ಮಡಿಕೆಯಲ್ಲಿ ಇದೆ.

ಹಮಾಲಿ ಅಣ್ಣನ ಬಾಕಿ ತೀರಿಸುವಾಗಲೂ ಹೀಗೇ ಆಯಿತು. ಕತ್ತರಿಸದ, ಮುಖವಿರುವ ಪ್ರಿಂಟು ಕೊಟ್ಟರೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಬನಿಯನ್ನಿನಲ್ಲಿದ್ದೀನಲ್ಲ’ ಅಂದರು. ಮರುದಿನ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ತಂಡದ ಇನ್ನೂ ನಾಲ್ವರ ಜೊತೆ, ಹೊಸ ಚಪ್ಪಲಿ ಕಾಣುವ ಹಾಗೆ ನಿಂತರು. ನಮಗೆ ಬೇಕಾದದ್ದು ಸುಕ್ಕು, ಬೆವರು, ಹರಿದ ತೋಳು. ಅವರಿಗೆ ಬೇಕಾದದ್ದು ಒಗೆದ ಬಟ್ಟೆ, ನೆಟ್ಟಗಿನ ಬೆನ್ನು, ನೆಲಕ್ಕೆ ಊರಿದ ಪಾದ. ಈಗ ಯಾರನ್ನೇ ತೆಗೆಯಲಿ, ನನಗೆ ಬೇಕಾದ ಹಾಗೆ ಒಂದು, ಅವರಿಗೆ ಬೇಕಾದ ಹಾಗೆ ಒಂದು. ಮುಂಜಾನೆ ಕೆ.ಆರ್. ಮಾರುಕಟ್ಟೆಯ ಮೇಲಂತಸ್ತಿನ ಕಟಕಟೆಗೆ ಹೋಗಿ ನೋಡಿ. ಕೆಳಗಿನ ಹೂವಿನವರ ಕಡೆಗೆ ಬಾಗಿದ ಲೆನ್ಸುಗಳು ಸಾಲಾಗಿರುತ್ತವೆ. ಅಷ್ಟು ಫೋಟೊಗಳಲ್ಲಿ ಬಿದ್ದವರ ಮನೆಯ ಗೋಡೆಯಲ್ಲಿ ಅವುಗಳಲ್ಲೊಂದು ಇರುವುದು ನನಗೆ ಅನುಮಾನ. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ದೊಡ್ಡ ದೊಡ್ಡವರನ್ನು ತೆಗೆದವರು. 1977ರಲ್ಲಿ ಪದ್ಮಶ್ರೀ ಬಂತು, 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಆದರೆ ನಾನು ಮತ್ತೆ ಮತ್ತೆ ನೋಡುವುದು ಅವರ ಸಾಮಾನ್ಯರ ಚಿತ್ರಗಳನ್ನು. ಅಲ್ಲಿ ಬಡವನಿದ್ದಾನೆ, ಪಾಪ ಅನ್ನಿಸಿಕೊಳ್ಳಲು ನಿಂತವನು ಇಲ್ಲ.

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಪರಿಷೆ. ಆ ದಿನ ಕಾಲಿಡಲು ಜಾಗವಿರುವುದಿಲ್ಲ ಅಂತ ನಾನು ಹಿಂದಿನ ಸಂಜೆಯೇ ಹೋಗುತ್ತೇನೆ. ಕಳೆದ ಸಲ ಜೇಬಿನಲ್ಲಿ ಒಂದು ಲಕೋಟೆ, ಅದರ ಮೇಲೆ ‘ಶ್ರೀನಿವಾಸಪುರದವರು, ನೀಲಿ ಕುಪ್ಪಸ, ದೊಡ್ಡಬಸವನ ಗುಡಿ ಎದುರು ಸಾಲು’. ಹಿಂದಿನ ವರ್ಷದ ಬಾಕಿ. ರಾಮಕೃಷ್ಣ ಆಶ್ರಮದ ಕಡೆಯಿಂದ ಹುಡುಕುತ್ತ ಬಂದೆ. ಕುಪ್ಪಸದ ಬಣ್ಣ ಬೇರೆಯಾಗಿತ್ತು, ಸೇರು ಅಳೆಯುವಾಗ ತುದಿಯಲ್ಲಿ ಗೋಪುರ ಕಟ್ಟುವ ಕೈ ಅದೇ. ‘ಅಕ್ಕಾ, ನಿಮ್ಮದೊಂದು ನನ್ನ ಹತ್ತಿರ ಉಳಿದುಬಿಟ್ಟಿತ್ತು’ ಅಂತ ಲಕೋಟೆ ಕೊಟ್ಟೆ.

ಅವರು ತಮ್ಮ ಮುಖ ನೋಡಿಕೊಳ್ಳಲೇ ಇಲ್ಲ. ಫೋಟೊದಲ್ಲಿದ್ದ ರಾಶಿ ನೋಡಿದರು. ‘ಹೋದ ಸಲ ಕಾಯಿ ಸಣ್ಣಗಿತ್ತು ನೋಡಿ ಸಾಮಿ, ಮಳೆ ಕೈಕೊಟ್ಟಿತ್ತು’ ಅಂದರು, ಪಕ್ಕದ ರಾಶಿಯವರಿಗೂ ತೋರಿಸಿ ಅದನ್ನೇ ಹೇಳಿದರು. ಆಮೇಲೆ ಫೋಟೊವನ್ನು ಎಲೆಅಡಿಕೆ ಸಂಚಿಗೆ ಸೇರಿಸಿ, ನನ್ನ ಚೀಲ ಕಿತ್ತುಕೊಂಡು ಎರಡು ಸೇರು ಸುರಿದರು. ದುಡ್ಡು ತೆಗೆದರೆ ಕೈಯಾಡಿಸಿಬಿಟ್ಟರು. ‘ನಮ್ಮ ಸೊಸೆದೂ ಒಂದು ತೆಗೀರಿ. ಮೊದಲನೇ ವರ್ಷ ಬಂದವಳೆ.’

ರಾಶಿಯ ಹಿಂದೆ ಕೂತಿದ್ದ ಹುಡುಗಿ ಎದ್ದು, ಹಸಿರು ಸೀರೆಯ ಸೆರಗು ಸರಿಮಾಡಿಕೊಂಡು, ಮಡಿಲಿನ ಸಿಪ್ಪೆ ಕೊಡವಿಕೊಂಡಳು. ಪಾದವೂ ಬರಲಿ ಅಂತ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ತೆಗೆದು ಮುಗಿದ ಮೇಲೆ ಪುಸ್ತಕ ಹೊರತೆಗೆದೆ. ಹಿಂದಿನಿಂದ ಜನ ತಳ್ಳುತ್ತಿದ್ದರು, ಪೆನ್ನು ನಿಲ್ಲುತ್ತಿರಲಿಲ್ಲ. ಕಡಲೆಕಾಯಿ ಚೀಲವನ್ನು ಎದೆಗೆ ಒತ್ತಿ ಹಿಡಿದು, ಅದರ ಮೇಲೆ ಪುಸ್ತಕ ಇಟ್ಟುಕೊಂಡು ಬರೆದೆ.