ಕಿಟ್ಟವೂ ಗೋಡೆಯಾಗಬಹುದೆ?

‘ಕಸದಿಂದ ರಸ’ ಎಂಬ ಮಾತನ್ನು ನಾವೆಲ್ಲರೂ ಮೆಚ್ಚುತ್ತೇವೆ. ಆದರೆ ಆ ರಸವನ್ನು ಮೊದಲು ಕುಡಿಯಬೇಕಾದವರು ಯಾರು, ಅದು ನಿರಪಾಯವೆಂದು ಖಾತ್ರಿಪಡಿಸಬೇಕಾದವರು ಯಾರು ಎಂದು ವಿಚಾರಿಸುವುದು ವಿರಳ.

ಪ್ರಿಯ ಓದುಗರೇ, ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರನ್ನು ನೆನೆಯಿರಿ. ವಡೆಗೆ ಹೆಸರಾದ ಮಂಡ್ಯದ ಮದ್ದೂರಲ್ಲ. ಬಂಡೀಪುರದ ಕಾಡಿನಂಚಿನಲ್ಲಿ, ಕೇರಳದ ಹಾದಿಯಲ್ಲಿರುವ ಮದ್ದೂರು. ಅಲ್ಲಿ ಕೂಲಿಯವರೊಬ್ಬರು ಮನೆ ಕಟ್ಟಿಸುತ್ತಿದ್ದಾರೆನ್ನೋಣ. ಕಾಡಿನ ಒಂದು ಮರವನ್ನೂ ಅವರು ಮುಟ್ಟಿಲ್ಲ. ಆದರೂ ಅವರು ತಂದ ಸಿಮೆಂಟಿನ ಚೀಲದ ಹಿಂದೆ ದೊಡ್ಡದೊಂದು ಬೆಂಕಿಯಿದೆ. ಸುಣ್ಣಕಲ್ಲನ್ನು ಜೇಡಿಮಣ್ಣಿನೊಡನೆ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಸಿಮೆಂಟಿನ ಮೂಲವಾದ ಕ್ಲಿಂಕರ್ ದೊರೆಯುತ್ತದೆ. ಒಂದು ಟನ್ ಕ್ಲಿಂಕರಿಗೆ ಕಲ್ಲಿನೊಳಗಿಂದಲೇ ಅರ್ಧ ಟನ್ನಿನಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಇಂಧನದ ಹೊಗೆ ಬೇರೆ.

ಇತ್ತ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ವರ್ಷಕ್ಕೆ ಒಂದು ಕೋಟಿ ಟನ್ನಿಗೂ ಹೆಚ್ಚು ಉಕ್ಕು ತಯಾರಿಸಬಲ್ಲ ಕಾರ್ಖಾನೆಯಿದೆ. ಅಲ್ಲಿ ಉಳಿಯುವ ಕಿಟ್ಟದಲ್ಲಿ ಎರಡು ಬಗೆ. ಊದುಕುಲುಮೆಯ ಕಿಟ್ಟ ಸಿಮೆಂಟಿಗೆ ಹಳೆಯ ನಂಟ; ಸ್ಲ್ಯಾಗ್ ಸಿಮೆಂಟಿನಲ್ಲಿ ಅದು ಶೇಕಡ 25ರಿಂದ 70ರವರೆಗೆ ಇರಬಹುದೆಂದು ಭಾರತೀಯ ಮಾನಕವೇ ಹೇಳುತ್ತದೆ. ಕಬ್ಬಿಣವನ್ನು ಉಕ್ಕಾಗಿಸುವಾಗ ಉಳಿಯುವ ಕಿಟ್ಟ ಮಾತ್ರ ಒರಟು ಸ್ವಭಾವದ್ದು. ಒಂದು ಟನ್ ಉಕ್ಕಿಗೆ ಅದು 100 ಕಿಲೋಗೂ ಮಿಕ್ಕಿ ಬರುತ್ತದೆ. ಅದರಲ್ಲಿ ಬೆರೆಯದೆ ಉಳಿದ ಸುಣ್ಣ ನೀರು ಕುಡಿದು ನಿಧಾನವಾಗಿ ಉಬ್ಬುತ್ತದೆ. ಕಟ್ಟಿದ ಗೋಡೆ ವರ್ಷಗಳ ಮೇಲೆ ಬಿರಿಯಬಹುದು.

ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಪರಿಹಾರ ನಮ್ಮ ಹಿರಿಯರಿಗೆ ಅಪರಿಚಿತವಲ್ಲ. ಗಾರೆ ಕೆಲಸದವರು ಸುಣ್ಣವನ್ನು ದಿನಗಟ್ಟಲೆ ನೀರಿನಲ್ಲಿ ನೆನೆಸಿ ಹದಗೊಳಿಸುತ್ತಿದ್ದರು. ಸರಿಯಾಗಿ ಅರಳದ ಸುಣ್ಣ ಗೋಡೆಯನ್ನು ಕೆಡಿಸುತ್ತದೆಂಬುದನ್ನು ಬಲ್ಲವರಾಗಿದ್ದರು. ಬಳಿದ ಗಾರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತಿತ್ತು. ಅಂತೆಯೇ, ಪುಡಿಮಾಡಿ ತೇವಗೊಳಿಸಿದ ಉಕ್ಕಿನ ಕಿಟ್ಟಕ್ಕೆ ಅದೇ ಅನಿಲವನ್ನು ಉಣಿಸಿದರೆ ಉಬ್ಬುವ ಸುಣ್ಣ ಶಾಂತವಾದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಚಿಮಣಿಯ ಉಸಿರಿನ ಒಂದಂಶ ಕಲ್ಲಿನಲ್ಲಿ ಸೆರೆಯಾಗುತ್ತದೆ. ಸಿಮೆಂಟಿನ ಒಂದು ಭಾಗಕ್ಕೆ ಬದಲಿಯೂ ಸಿಗುತ್ತದೆ. ಒಂದು ಭಾಗಕ್ಕೆ ಮಾತ್ರ. ಮಿತಿ ಮೀರಿದರೆ ಗೋಡೆಯ ಬಲ ಕುಂದುತ್ತದೆ.

ನೈತಿಕ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ತಾನು ಉಳಿಸಿದ ಕಿಟ್ಟದ ಹೊಣೆಯನ್ನು ಹೊರುವುದು ಉಕ್ಕು ಮಾಡುವವನ ಕರ್ತವ್ಯ. ಆದರೆ ಆ ಕರ್ತವ್ಯಪಾಲನೆಯ ಅಪಾಯವನ್ನು ಕೂಲಿಯವನ ಗೋಡೆಗೆ ವರ್ಗಾಯಿಸುವುದು ನ್ಯಾಯವಲ್ಲ. ಬಲ್ಲಿದನ ಕಟ್ಟಡ ಬಿರಿದರೆ ಇಂಜಿನಿಯರು ಬರುತ್ತಾನೆ. ಬಡವನ ಗೋಡೆ ಬಿರಿದರೆ ಅದು ಅವನ ಹಣೆಬರಹವೆನಿಸಿಕೊಳ್ಳುತ್ತದೆ. ಸೂರತ್ ಬಳಿಯ ಹಜೀರಾದಲ್ಲಿ ಸಂಸ್ಕರಿಸಿದ ಉಕ್ಕಿನ ಕಿಟ್ಟದಿಂದ ನಿರ್ಮಿಸಿದ ರಸ್ತೆ 2022ರಲ್ಲಿ ಬಳಕೆಗೆ ಬಂತು. ಅದು ವಿವೇಕದ ಕ್ರಮ: ಕೆಟ್ಟರೆ ದುರಸ್ತಿ ಮಾಡಬಲ್ಲೆಡೆ, ಎಲ್ಲರ ಕಣ್ಣೆದುರಿನಲ್ಲಿ ಹೊಸದನ್ನು ಪರೀಕ್ಷಿಸುವುದು. ಗೋಡೆಯ ಸರದಿ ಬಂದಾಗಲೂ ತಯಾರಕರ ಕಚೇರಿಗಳೇ ಮೊದಲಾಗಲಿ. ಚೀಲದ ಮೇಲೆ ಒಳಗಿರುವುದೆಲ್ಲವೂ ನಮೂದಾಗಲಿ, ಅದೂ ಕೊಳ್ಳುವವನು ಓದಬಲ್ಲ ಕನ್ನಡದಲ್ಲಿ.

ಇನ್ನೊಂದು ಎಚ್ಚರವೂ ಬೇಕು. ಕಿಟ್ಟ ಹೀರುವ ಇಂಗಾಲ ಉಕ್ಕು ಮತ್ತು ಸಿಮೆಂಟಿನ ಕುಲುಮೆಗಳು ಉಗುಳುವುದಕ್ಕಿಂತ ಬಹಳ ಕಡಿಮೆ. ಪರಿಹಾರ ಸಿಕ್ಕಿತೆಂದು ಅಗತ್ಯ ಮೀರಿ ಕಟ್ಟಿದರೆ ಉಳಿಸಿದ್ದು ಅಲ್ಲಿಯೇ ಕರಗುತ್ತದೆ. ಸಾಲದ ಒಂದು ಕಂತು ತೀರಿಸಿದವನು ಹೊಸ ಸಾಲಕ್ಕೆ ಅರ್ಹನಾದೆನೆಂದು ಭಾವಿಸುವಂತೆ ಅದು.

ಆದ್ದರಿಂದ ಓದುಗರೇ, ಮುಂದೆ ಮನೆ ಕಟ್ಟುವಾಗ ಎರಡು ಪ್ರಶ್ನೆ ಕೇಳೋಣ: ಈ ಚೀಲದಲ್ಲಿ ಏನಿದೆ? ಈ ಗೋಡೆ ನಮಗೆ ನಿಜವಾಗಿ ಬೇಕೆ? ಮೊದಲನೆಯದಕ್ಕೆ ಉತ್ತರಿಸಬೇಕಾದವರು ತಯಾರಕರು; ಎರಡನೆಯದಕ್ಕೆ ನಾವೇ.